ಗಡಿಯಾಚೆ ಕಟ್ಟಿದ ಕನ್ನಡ ಹಾಡುಗಳು

ನವೆಂಬರ್ ಬಂತೆಂದರೆ ತಮಿಳುನಾಡಿನ ಗಡಿಯ ಮತ್ತಿಗಿರಿ, ಹೊಸೂರು, ತಳಿ, ಕೆಲಮಂಗಲದ ಕಡೆ ಎಲ್ಲೇ ರಾಜ್ಯೋತ್ಸವ ನಡೆಯಲಿ, 1961ರ ‘ಕಣ್ತೆರೆದು ನೋಡು’ ಚಿತ್ರದ ಒಂದು ಹಾಡು ಹಾಡಿ ಎಂದು ಚೀಟಿ ಬಂದೇ ಬರುತ್ತದೆ. ಕನ್ನಡಿಗರಿಗೆ ಒಗ್ಗಟ್ಟಿನ ಕರೆ ಕೊಡುವ ಹಾಡು ಅದು. ಬರೆದವರು ಜಿ.ವಿ. ಅಯ್ಯರ್. ರಾಗ ಹಾಕಿದವರೂ ಹಾಡಿದವರೂ ಜಿ.ಕೆ. ವೆಂಕಟೇಶ್. ಹಾಡು ಶುರುವಾದೊಡನೆ ಎದ್ದು ನಿಂತು ಚಪ್ಪಾಳೆ ತಟ್ಟುವವರಲ್ಲಿ ಎಷ್ಟೋ ಮಂದಿಗೆ ಆ ಕಂಠ ಯಾರದೆಂದು ಗೊತ್ತಿಲ್ಲ. ಅವರು ಹೈದರಾಬಾದಿನಲ್ಲಿ ಹುಟ್ಟಿದವರು, ಮನೆಮಾತು ತೆಲುಗು, ಬದುಕಿ ದುಡಿದದ್ದೆಲ್ಲ ಮದ್ರಾಸಿನಲ್ಲಿ ಎಂದು ಹೇಳಿದರೆ ಕೆಲವರು ನನ್ನ ಮುಖ ನೋಡುತ್ತಾರೆ.

ನಾನು ಮತ್ತಿಗಿರಿಯವನು. ಮೊದಲು ಹಾರ್ಮೋನಿಯಂ, ಆಮೇಲೆ ಕೀಬೋರ್ಡ್ ಹಿಡಿದು ಈ ಭಾಗದ ಆರ್ಕೆಸ್ಟ್ರಾಗಳಲ್ಲಿ ನುಡಿಸಿಕೊಂಡು ಬಂದವನು. ಮದುವೆ, ಗಣೇಶನ ಹಬ್ಬ, ಹೊಸೂರು ಬೆಟ್ಟದ ಚಂದ್ರಚೂಡೇಶ್ವರನ ತೇರು, ಎಲ್ಲ ಕಡೆಗೂ ಹೋಗಿದ್ದೇನೆ. 1824ರಿಂದ ಇರುವ ಸರ್ಕಾರಿ ದನಗಳ ಫಾರಂ ನಮ್ಮೂರಿನ ಗುರುತು. ಆದರೆ ಊರನ್ನು ಊರಾಗಿಸಿರುವುದು ಅಲ್ಲಿಯ ಮಾತು. ನಮ್ಮ ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ತೆಲುಗು, ಶಾಲೆ-ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಮೂರೂ. ಕಾರ್ಯಕ್ರಮದಲ್ಲಿ ನಮಗೆ ಬರುವ ಚೀಟಿಗಳೂ ಮೂರು ಭಾಷೆಯವು. ಎಂ.ಎಸ್. ವಿಶ್ವನಾಥನ್ ಹಾಡು ಮುಗಿದರೆ ಘಂಟಸಾಲ, ಘಂಟಸಾಲ ಮುಗಿದರೆ ಪಿ.ಬಿ. ಶ್ರೀನಿವಾಸ್. ಇಂಥ ಊರಿನವನಿಗೆ ವೆಂಕಟೇಶರ ಬದುಕು ದೂರದ ಕಥೆಯಾಗಿ ಕಾಣುವುದಿಲ್ಲ. ಹಾಗಾಗಿ ಅವರನ್ನು ಕುರಿತು ಬರೆಯಬೇಕೆಂಬ ಆಸೆ ಬಹಳ ದಿನದ್ದು.

ಕನ್ನಡ ಸಿನಿಮಾ ಹಾಡು ಮದ್ರಾಸಿನಲ್ಲಿ ಯಾಕೆ ಹುಟ್ಟುತ್ತಿತ್ತು ಎಂದು ಈಗಿನ ಹುಡುಗರು ಕೇಳುತ್ತಾರೆ. ಸ್ಟುಡಿಯೊಗಳಿದ್ದದ್ದು ಅಲ್ಲಿ. ಎವಿಎಂ, ಜೆಮಿನಿ, ವಿಜಯಾ-ವಾಹಿನಿ, ಆಮೇಲೆ ಪ್ರಸಾದ್. ಪಿಟೀಲು ನುಡಿಸುವವರು, ಚೆಲ್ಲೊ ನುಡಿಸುವವರು, ಟ್ರಂಪೆಟ್ ಊದುವವರು, ಸ್ವರಲಿಪಿ ನೋಡಿದೊಡನೆ ನುಡಿಸಬಲ್ಲವರು ಗುಂಪಾಗಿ ಸಿಗುತ್ತಿದ್ದದ್ದೂ ಅಲ್ಲೇ. ಕರ್ನಾಟಕ ಸರ್ಕಾರ ಸಹಾಯಧನ ಕೊಡಲು ಶುರುಮಾಡಿದ ಮೇಲೆ ಚಿತ್ರೀಕರಣ ಬೆಂಗಳೂರು, ಮೈಸೂರಿನತ್ತ ಬಂತು. ಹಾಡು ಮಾತ್ರ ಇನ್ನೂ ಬಹಳ ಕಾಲ ಮದ್ರಾಸಿನಲ್ಲೇ ಉಳಿಯಿತು. ನಿರ್ಮಾಪಕರು, ನಿರ್ದೇಶಕರು, ಹಾಡು ಬರೆಯುವವರು ಬೆಂಗಳೂರಿನಿಂದ ಮದ್ರಾಸಿಗೆ ಓಡಾಡುತ್ತಲೇ ಇರಬೇಕಾಗಿತ್ತು. ಆ ಓಡಾಟದ ಒಂದು ದಾರಿ ಹೊಸೂರು, ಕೃಷ್ಣಗಿರಿಯ ಮೇಲೆಯೇ ಹಾದುಹೋಗುತ್ತದೆ. ನಾವು ರೇಡಿಯೊದಲ್ಲಿ ಬೆಂಗಳೂರಿನಿಂದ ಕೇಳುತ್ತಿದ್ದ ಹಾಡು ಮೊದಲು ನಮ್ಮ ಪೂರ್ವಕ್ಕೆ, ತಮಿಳು ನೆಲದಲ್ಲಿ ತಯಾರಾಗಿ, ಬೆಂಗಳೂರು ಸೇರಿ, ಅಲ್ಲಿಂದ ನಮಗೆ ಬರುತ್ತಿತ್ತು.

ವೆಂಕಟೇಶ್ ಹುಟ್ಟಿದ್ದು 1927ರಲ್ಲಿ. ಅಣ್ಣ ಸೀತಾಪತಿಯವರಿಂದ ವೀಣೆ ಕಲಿತರು. ಈ ವೀಣೆಯ ವಿಷಯ ನೆನಪಿಟ್ಟುಕೊಳ್ಳಬೇಕು, ಅವರ ಹಾಡುಗಳಲ್ಲಿ ಅದು ಕೊನೆಯತನಕ ಕೇಳುತ್ತದೆ. ಮದ್ರಾಸಿಗೆ ಬಂದ ಮೇಲೆ ಅಲ್ಲಿಯ ಹಿರಿಯ ಸಂಗೀತ ನಿರ್ದೇಶಕರ ತಂಡಗಳಲ್ಲಿ ಪಳಗಿದರು. ಸಿ.ಆರ್. ಸುಬ್ಬರಾಮನ್ ಅವರ ತಂಡ ಆಗ ದೊಡ್ಡ ಗರಡಿ. ಎಂ.ಎಸ್. ವಿಶ್ವನಾಥನ್, ಟಿ.ಕೆ. ರಾಮಮೂರ್ತಿ ಬೆಳೆದದ್ದೂ ಅಲ್ಲೇ. 1952ರಲ್ಲಿ ಸುಬ್ಬರಾಮನ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ವಿಶ್ವನಾಥನ್-ರಾಮಮೂರ್ತಿ ಜೋಡಿ ತಮಿಳಿನಲ್ಲಿ ಮೇಲೆ ಬಂತು, ವೆಂಕಟೇಶ್ ಅವರಿಗೂ ಸಹಾಯಕರಾಗಿ ದುಡಿದರು. ತಮಿಳಿನಲ್ಲಿ ಸಹಾಯಕ, ಕನ್ನಡದಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕ: ಎರಡು ದೋಣಿಯೂ ಒಟ್ಟೊಟ್ಟಿಗೆ ನಡೆದವು.

1956 ನಮ್ಮ ಊರುಗಳಿಗೆ ಮರೆಯಲಾಗದ ವರ್ಷ. ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವು, ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ತಾಲ್ಲೂಕು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಬೆಂಗಳೂರು ನಲವತ್ತು ಕಿಲೋಮೀಟರ್, ಆದರೆ ರಾಜ್ಯ ಬೇರೆ. ಅದೇ ವರ್ಷ ಬಂದ ‘ಓಹಿಲೇಶ್ವರ’ದಲ್ಲಿ ವೆಂಕಟೇಶ್ ಒಂದು ಕೆಲಸ ಮಾಡಿದರು, ಅದರ ಬೆಲೆ ಆಗ ಯಾರಿಗೂ ತಿಳಿದಿರಲಾರದು. ‘ಬೇಡರ ಕಣ್ಣಪ್ಪ’ನಿಂದ ಹೆಸರಾಗಿದ್ದ ರಾಜ್‌ಕುಮಾರ್ ಅವರಿಂದ ಮೊದಲ ಸಲ ಸಿನಿಮಾಕ್ಕೆ ಹಾಡಿಸಿದರು. ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಪಳಗಿದ ಕಂಠ ಅದು. 1959ರಲ್ಲಿ ಬಿ.ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ಗೆ ಎಸ್. ಜಾನಕಿಯವರ ಜೊತೆ ಮತ್ತೆ ಹಾಡಿಸಿದರು. ಆ ಯುಗಳಗೀತೆಯನ್ನು ಇವತ್ತು ಕೇಳಿ. ಜಾನಕಿ ಮೈಕಿಗೆ ಹಾಡುತ್ತಾರೆ, ರಾಜ್‌ಕುಮಾರ್ ಹಿಂದಿನ ಬೆಂಚಿನವನಿಗೂ ಕೇಳಿಸಬೇಕೆಂಬಂತೆ ಹಾಡುತ್ತಾರೆ. ವೆಂಕಟೇಶ್ ಆ ನಾಟಕದ ಗಟ್ಟಿತನವನ್ನು ತಿದ್ದಿ ತೆಗೆಯಲಿಲ್ಲ. ಅದಕ್ಕೆ ತಕ್ಕ ಜಾಗ ಮಾಡಿಕೊಟ್ಟರು.

ಆಮೇಲೆ ಹದಿನೈದು ವರ್ಷ ರಾಜ್‌ಕುಮಾರರ ಕಂಠವೆಂದರೆ ಪಿ.ಬಿ. ಶ್ರೀನಿವಾಸ್. ಕಾಕಿನಾಡದವರು, ಅವರದೂ ತೆಲುಗು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ನಾಯಕ ಎಮ್ಮೆಯ ಬೆನ್ನೇರಿ ಹಾಡುವ ಹಾಡೊಂದಿದೆ, ಕನ್ನಡ ಬಲ್ಲ ಮಕ್ಕಳಿಗೂ ಗೊತ್ತಿರುವ ಹಾಡು. ಅದನ್ನು ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದರು. ಅಲ್ಲಿಂದ ಮುಂದೆ ಆ ನಟ ಗಾಯಕರೂ ಆದರು. 1975ರ ‘ಮಯೂರ’ದಲ್ಲಿ, ವೆಂಕಟೇಶರದೇ ಸಂಗೀತದಲ್ಲಿ, ಆ ಕಂಠ ರಾಜನ ಗತ್ತನ್ನು ಪಡೆಯಿತು. 1992ರ ‘ಜೀವನ ಚೈತ್ರ’ಕ್ಕೆ ಹಾಡಿ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿ ಪಡೆದದ್ದು ಉಪೇಂದ್ರ ಕುಮಾರ್ ಸಂಗೀತದಲ್ಲಿ, ಅವರು ಒಡಿಶಾದವರು. ಆದರೆ ಆ ಕಂಠದ ಮೇಲೆ ಮೊದಲು ನಂಬಿಕೆ ಇಟ್ಟವರು ವೆಂಕಟೇಶ್. ಎಮ್ಮೆಯ ಹಾಡಿನ ರಾಗ ನೋಡಿ, ಎಷ್ಟು ಸಲೀಸು! ಹಾಡುವವನು ಉಸಿರಿಗೆ ಪರದಾಡುವ ಜಾಗ ಒಂದೂ ಇಲ್ಲ. ರೈತನೊಬ್ಬ ಹೊಲದ ಬದುವಿನ ಮೇಲೆ ನಡೆಯುತ್ತ ಹಾಡಬಹುದು. ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವಾಗ ಕುಣಿಯದ ಹುಡುಗನನ್ನು ನಾನು ನೋಡಿಲ್ಲ, ಅವನ ಮನೆಮಾತು ತಮಿಳಾದರೂ ಸರಿ.

ಹಾಡು ತಯಾರಾಗುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ನಿರ್ದೇಶಕರು ಸನ್ನಿವೇಶ ವಿವರಿಸುತ್ತಾರೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ತನ್ನಾನ ಎಂದು ಗುನುಗುತ್ತಾರೆ. ಹಾಡು ಬರೆಯುವವರು ಆ ತನ್ನಾನದ ಅಳತೆಗೆ ಮಾತು ಕೂಡಿಸುತ್ತಾರೆ. ಕೆಲವೊಮ್ಮೆ ಸಾಹಿತ್ಯ ಮೊದಲು ಬರುತ್ತದೆ, ರಾಗ ಆಮೇಲೆ. ಪಲ್ಲವಿ, ಚರಣ ನಿಂತ ಮೇಲೆ ನಡುವೆ ಬರುವ ವಾದ್ಯದ ಭಾಗಗಳು, ನಾವು ಆರ್ಕೆಸ್ಟ್ರಾದವರು ಬಿಜಿಎಂ ಅನ್ನುತ್ತೇವೆ, ಅವನ್ನು ಕಟ್ಟಬೇಕು. ಯಾರು ಎಲ್ಲಿ ನುಡಿಸಬೇಕೆಂದು ಪ್ರತಿ ವಾದ್ಯಕ್ಕೂ ಬರೆದು ಕೊಡಬೇಕು. ಆಗಿನ ಕಾಲದಲ್ಲಿ ಗಾಯಕರು, ಪಿಟೀಲು, ಕೊಳಲು, ತಬಲಾ, ಗಿಟಾರ್ ಎಲ್ಲವೂ ಒಂದೇ ಸಲಕ್ಕೆ ಮುದ್ರಣ. ಒಬ್ಬ ಪಿಟೀಲಿನವನ ಬೆರಳು ಜಾರಿದರೆ ಪೂರ್ತಿ ಹಾಡು ಮೊದಲಿಂದ. ಕಾಲ್‌ಷೀಟ್ ಮುಗಿಯುವ ಹೊತ್ತಿಗೆ ಟೇಕ್ ಓಕೆ ಆಗಲೇಬೇಕು, ಇಲ್ಲದಿದ್ದರೆ ನಿರ್ಮಾಪಕರಿಗೆ ಖರ್ಚು. ಈಗ ಮೂರು ಊರಿನಲ್ಲಿ ಮೂವರು ಬೇರೆ ಬೇರೆ ದಿನ ನುಡಿಸಿ ಕಳಿಸಿದ್ದನ್ನು ಒಂದು ಕೋಣೆಯಲ್ಲಿ ಜೋಡಿಸುತ್ತಾರೆ. ಅದಕ್ಕೂ ಅದರದೇ ಸೊಗಸಿದೆ. ಆದರೆ ಆ ಹಳೆಯ ಮುದ್ರಣದಲ್ಲಿ ಅಷ್ಟೂ ಜನ ಒಂದೇ ಉಸಿರಿನಲ್ಲಿ ನುಡಿಸಿದ್ದು ಗೊತ್ತಾಗುತ್ತದೆ. ಪಿ.ಬಿ. ಶ್ರೀನಿವಾಸ್ ಕೊಂಚ ನಿಧಾನಿಸಿದರೆ ತಬಲಾದವರೂ ಕೂದಲೆಳೆಯಷ್ಟು ಕಾಯುತ್ತಾರೆ.

ಇನ್ನು ವೆಂಕಟೇಶರ ವಿಶೇಷ ಏನು? ನುಡಿಸುವವನಾಗಿ ನಾನು ಕಂಡದ್ದನ್ನು ಹೇಳಬಲ್ಲೆ. ಕನ್ನಡದ ಮಾತು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತದೆ, ಅ ಎಂದೋ ಉ ಎಂದೋ ಎ ಎಂದೋ ಬಾಯಿ ತೆರೆದೇ ನಿಲ್ಲುತ್ತದೆ. ತೆಲುಗೂ ಹಾಗೆಯೇ. ತಮಿಳಿನಲ್ಲಿ ಎಷ್ಟೋ ಮಾತು ಮ್, ನ್, ಳ್ ಎಂದು ಮುಚ್ಚಿಕೊಳ್ಳುತ್ತದೆ, ಅದಕ್ಕೆ ಬೇರೆ ಬಗೆಯ ಲಯ ಬೇಕು, ವಿಶ್ವನಾಥನ್ ಅದರಲ್ಲಿ ನಿಸ್ಸೀಮರು. ವೆಂಕಟೇಶ್ ಕನ್ನಡದ ಆ ತೆರೆದ ಕೊನೆಯನ್ನು ಚೆನ್ನಾಗಿ ಹಿಡಿದುಕೊಂಡರು. ಸಾಲಿನ ಕೊನೆಯ ಅಕ್ಷರದ ಮೇಲೆ ರಾಗವನ್ನು ಎಳೆದು, ವೀಣೆಯ ತಂತಿ ಮೀಟಿದ ಮೇಲೆ ನಾದ ತಾನಾಗಿ ಇಳಿಯುವ ಹಾಗೆ ಇಳಿಸುತ್ತಾರೆ. ಆ ಇಳಿಯುವ ಹೊತ್ತಿನಲ್ಲಿ ಬೇರೆ ವಾದ್ಯ ತಲೆ ಹಾಕುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ತಂಡದ ತಬಲಾ ವಾದಕರು, ಹಿರಿಯರು. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ‘ಕಸ್ತೂರಿ ನಿವಾಸ’ದ ಗೊಂಬೆಯ ಹಾಡಿಗೆ ನಾನು ಸಾಲು ಸಾಲಿನ ನಡುವೆ ಕೀಬೋರ್ಡಿನಲ್ಲಿ ಏನಾದರೊಂದು ಸೇರಿಸುತ್ತಿದ್ದೆ. ರಿಹರ್ಸಲ್ ನಿಲ್ಲಿಸಿ ಅಂದರು: “ಅಲ್ಲಿ ತುಂಬಬೇಡ ಕಣೋ ತಮ್ಮಾ. ವೆಂಕಟೇಶ್ ಬಿಟ್ಟಿದ್ದಾರೆ ಅಂದ್ರೆ ಮರೆತು ಬಿಟ್ಟಿಲ್ಲ.” “ಸರಿ ಅಣ್ಣಾ” ಎಂದು ಕೈ ತೆಗೆದೆ. ಹಾಡು ಒಮ್ಮೆಗೇ ಬೇರೆಯಾಯಿತು. ಕೊಡುಗೈ ದಾನಿಯೊಬ್ಬ ಬರಿಗೈಯಾಗುವ ಕಥೆ ಆ ಚಿತ್ರದ್ದು. ದೊರೈ-ಭಗವಾನ್ ನಿರ್ದೇಶನ, 1971. ಏನೂ ತುಂಬದ ಆ ಜಾಗವೇ ಆ ಮನುಷ್ಯನ ಕಥೆ ಹೇಳುತ್ತದೆ. 2014ರಲ್ಲಿ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಹಾಡು ಬಂದೊಡನೆ ಜೊತೆಗೆ ಗುನುಗಿದರು.

ಕ್ಯಾಸೆಟ್ ಕಾಲದಲ್ಲಿ ನಾವು ಬಿಜಿಎಂ ಎತ್ತುತ್ತಿದ್ದದ್ದು ಟೇಪ್ ರೆಕಾರ್ಡರ್ ಮುಂದೆ ಕೂತು, ತಿರುಗಿಸಿ ತಿರುಗಿಸಿ ಕೇಳಿ. ಒಂದು ಚರಣದ ಹಿಂದಿನ ಪಿಟೀಲು ಬಿಡಿಸಲು ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. 1970ರ ನಂತರದ ವೆಂಕಟೇಶ್ ಹಾಡುಗಳನ್ನು ಹಾಗೆ ಬಿಡಿಸುವಾಗ ಒಂದು ಬದಲಾವಣೆ ಕಿವಿಗೆ ಬೀಳುತ್ತದೆ. ಗಿಟಾರ್, ಬೇಸ್, ಪಿಟೀಲು ಗುಂಪುಗಳು ಒಂದಕ್ಕೊಂದು ಉತ್ತರ ಕೊಡಲು ಶುರುಮಾಡುತ್ತವೆ. ಆ ಹೊತ್ತಿಗೆ ಅವರ ತಂಡಕ್ಕೆ ತೇನಿ ಕಡೆಯ ಪಣ್ಣೈಪುರದ ಹುಡುಗನೊಬ್ಬ ಸೇರಿದ್ದ. ಗಿಟಾರ್, ಕಾಂಬೊ ಆರ್ಗನ್ ನುಡಿಸುತ್ತಿದ್ದ, ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದ. ವೆಂಕಟೇಶ್ ರಾಗದ ರೂಪರೇಖೆ ಹಾಕಿಕೊಟ್ಟರೆ ಅದಕ್ಕೆ ವಾದ್ಯ ಜೋಡಿಸುವ ಕೆಲಸ ಆತನದಾಯಿತು. ಅವರೇ ಇಳಯರಾಜ. 1976ರಲ್ಲಿ ‘ಅನ್ನಕಿಳಿ’ ಬರುವ ಮುಂಚಿನ ಅವರ ವರ್ಷಗಳು ಬಹುಪಾಲು ಕನ್ನಡ ಚಿತ್ರಗಳ ಕೆಲಸದಲ್ಲೇ ಕಳೆದವು. ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಕೂಡ ವೆಂಕಟೇಶರ ಕೈಕೆಳಗೆ ಕೆಲಸ ಮಾಡಿದವರೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆ ಹಾಡುಗಳ ಸೊಗಸೆಲ್ಲ ಶಿಷ್ಯನದೇ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. 1966ರ ‘ಸಂಧ್ಯಾರಾಗ’ ಕೇಳಿದವರು ಹಾಗೆ ಹೇಳಲಾರರು. ಇಳಯರಾಜ ಮದ್ರಾಸಿಗೆ ಬಂದದ್ದೇ 1968ರಲ್ಲಿ. ‘ಸಂಧ್ಯಾರಾಗ’ ಅ.ನ. ಕೃಷ್ಣರಾಯರ ಕಾದಂಬರಿ, ಸಂಗೀತಗಾರನ ಕಥೆ. ವೆಂಕಟೇಶ್ ಬಾಲಮುರಳಿಕೃಷ್ಣರ ಜೊತೆ ಸೇರಿ ಸಂಗೀತ ಕೂಡಿಸಿದರು. ಭೀಮಸೇನ ಜೋಶಿಯವರಿಂದ ಹಾಡಿಸಿದರು, ಬಾಲಮುರಳಿಯವರೂ ಹಾಡಿದರು. ಗದುಗಿನ ಹಿಂದೂಸ್ತಾನಿ, ಗೋದಾವರಿ ಸೀಮೆಯ ಕರ್ನಾಟಕ ಸಂಗೀತ ಎರಡನ್ನೂ ಒಂದೇ ಕನ್ನಡ ಚಿತ್ರದಲ್ಲಿ ಕೂರಿಸುವುದು ಸಣ್ಣ ಧೈರ್ಯವಲ್ಲ. ದೊಡ್ಡ ವಿದ್ವಾಂಸರಿಗೆ ರಾಗ ಹೇಳಿಕೊಡುವಾಗ ತನ್ನನ್ನು ಎಷ್ಟು ಹಿಂದೆ ಸರಿಸಿಕೊಳ್ಳಬೇಕು, ಸಿನಿಮಾಕ್ಕಾಗಿ ಎಷ್ಟು ಮುಂದೆ ಬರಬೇಕು ಎಂಬ ಹದ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ಒಳ್ಳೆಯ ಶಿಷ್ಯನನ್ನು ಗುರುತಿಸಿ, ಕೆಲಸ ಕೊಟ್ಟು, ಆತ ಬರೆದದ್ದನ್ನು ತನ್ನ ಹಾಡಿನೊಳಗೆ ಬಿಟ್ಟುಕೊಂಡದ್ದೂ ಅದೇ ಹದ.

‘ಬಂಗಾರದ ಮನುಷ್ಯ’ದ ವಿಚಾರ ನಮ್ಮ ಕಡೆಯ ರೈತರನ್ನು ಕೇಳಬೇಕು. ಕೃಷ್ಣಗಿರಿ ಜಿಲ್ಲೆ ಬಂಡೆಗಳ ಸೀಮೆ. ಹೊಲ ಅನ್ನುವುದು ಬಂಡೆಗಳ ನಡುವೆ ಸಿಕ್ಕ ನೆಲ. ರಾಗಿ, ಹುರುಳಿ ಬೆಳೆದ ಜನ ಇಲ್ಲಿ, ಹಸಿರುಮನೆಯೊಳಗೆ ಗುಲಾಬಿ ಬೆಳೆಯುವುದು ಈಚಿನದು. ಟಿ.ಕೆ. ರಾಮರಾವ್ ಅವರ ಕಾದಂಬರಿಯಿಂದ ಸಿದ್ಧಲಿಂಗಯ್ಯ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಕ ಬಂಜರು ನೆಲ ಹಸನುಮಾಡುತ್ತಾನೆ. 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಹೊಸೂರಿನಿಂದ ಬಸ್ಸು ಹತ್ತಿ ಹೋಗಿ ನೋಡಿ ಬಂದವರು ನಮ್ಮ ಬೀದಿಯಲ್ಲೇ ಇದ್ದರು. ಛಲ ಬಿಡದೆ ದುಡಿ ಎಂದು ಹೇಳುವ ಹಾಡು ಉಪದೇಶವಾಗಿ ಒಣಗಿ ಹೋಗುವುದು ಬಹಳ ಸುಲಭ. ವೆಂಕಟೇಶ್ ಅದಕ್ಕೆ ಕೂಲಿಯವರು ಕೈ ಬದಲಿಸುತ್ತ ಕೆಲಸ ಮಾಡುವಂಥ ನಡೆ ಕೊಟ್ಟರು, ಮಾತು ಬೆವರಿನ ಜೊತೆ ಬರುತ್ತದೆ. ಎರಡು ವರ್ಷದ ನಂತರ ಗೊರೂರರ ಕಥೆಯ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಅದೇ ಸಿದ್ಧಲಿಂಗಯ್ಯ, ಅದೇ ವೆಂಕಟೇಶ್ ಮಲೆನಾಡನ್ನು ಕೇಳಿಸಿದರು. ಬಯಲುಸೀಮೆಯ ಗಟ್ಟಿ ಹೆಜ್ಜೆ ಹೋಗಿ ಕೊಳಲಿನ ತೇವ ಬಂತು. ಇವುಗಳ ಜೊತೆಗೆ ‘ಗೋವಾದಲ್ಲಿ ಸಿಐಡಿ 999’ ಥರದ ಪತ್ತೇದಾರಿ ಚಿತ್ರಗಳಿಗೆ ಡ್ರಮ್ಸು, ಟ್ರಂಪೆಟ್ಟು ತುಂಬಿದ ಹಾಡುಗಳನ್ನೂ ಮಾಡಿದರು. ಕೀಬೋರ್ಡಿನವನಿಗೆ ಅವು ಒಳ್ಳೆಯ ಪರೀಕ್ಷೆ. ತೆಲುಗಿನಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಅವರಿಗೆ ‘ಜಮೀಂದಾರುಗಾರಿ ಅಮ್ಮಾಯಿ’, ‘ಅಮೆರಿಕಾ ಅಮ್ಮಾಯಿ’ ಮಾಡಿಕೊಟ್ಟರು. ನಮ್ಮ ಎದುರು ಮನೆಯವರಿಗೆ ವೆಂಕಟೇಶ್ ಅಂದರೆ ಆ ಎರಡು ಚಿತ್ರ. ನಮ್ಮ ಮನೆಗೆ ‘ಕಸ್ತೂರಿ ನಿವಾಸ’. ಒಬ್ಬರೇ ಮನುಷ್ಯ ಎಂದು ಎರಡು ಮನೆಗೂ ತಿಳಿಯಲು ಬಹಳ ವರ್ಷ ಬೇಕಾಯಿತು.

ಬೇರೆ ಮನೆಮಾತಿನವರು ಇನ್ನೊಂದು ಭಾಷೆಯ ಹಾಡನ್ನು ತಮ್ಮದಾಗಿಸಿಕೊಳ್ಳುವುದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ರಾಜ್ಯದ ಗಡಿಯೇ ಇಷ್ಟು ಮಾಡಿದರೆ ದೇಶದ ಗಡಿ ಬಿದ್ದಲ್ಲಿ ಸಂಗೀತಗಾರರ ಪಾಡು ಇನ್ನೂ ದೊಡ್ಡದು. ಲತಾ ಮಂಗೇಶ್ಕರ್ ಅವರ ಕಂಠದ ಮೇಲೆ ನಂಬಿಕೆಯಿಟ್ಟು 1948ರ ‘ಮಜಬೂರ್’ಗೆ ಹಾಡಿಸಿದ ಗುಲಾಂ ಹೈದರ್ ದೇಶವಿಭಜನೆಯ ಬಳಿಕ ಲಾಹೋರಿಗೆ ಹೋದರು, 1953ರಲ್ಲಿ ಅಲ್ಲೇ ತೀರಿಕೊಂಡರು. ಇಂದಿನ ಮಹಾರಾಷ್ಟ್ರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ನಿಸಾರ್ ಬಜ್ಮಿ 1962ರಲ್ಲಿ ಪಾಕಿಸ್ತಾನಕ್ಕೆ ಹೋಗಿ ನೆಲೆಸಿ, ಅಲ್ಲಿಯ ದೊಡ್ಡ ಸಂಗೀತ ನಿರ್ದೇಶಕರಲ್ಲಿ ಒಬ್ಬರಾದರು. ನನಗೆ ಹೆಚ್ಚು ಹತ್ತಿರವಾಗಿ ಕಾಣುವವರು ರಾಬಿನ್ ಘೋಷ್. ಬಂಗಾಳಿ ಕ್ರೈಸ್ತರು, ಹುಟ್ಟಿದ್ದು ಬಾಗ್ದಾದಿನಲ್ಲಿ, ಬೆಳೆದದ್ದು ಢಾಕಾದಲ್ಲಿ. 1962ರ ‘ಚಂದಾ’, 1967ರ ‘ಚಕೋರಿ’ ಢಾಕಾದಲ್ಲೇ ತಯಾರಾದ ಉರ್ದು ಚಿತ್ರಗಳು. 1971ರಲ್ಲಿ ಬಾಂಗ್ಲಾದೇಶ ಬೇರೆಯಾಯಿತು. ಘೋಷ್ ಮತ್ತು ಅವರ ಪತ್ನಿ, ನಟಿ ಶಬನಂ, ಪಾಕಿಸ್ತಾನದಲ್ಲಿ ಉಳಿದು ಉರ್ದು ಚಿತ್ರಗಳಿಗೇ ದುಡಿದರು. 1977ರಲ್ಲಿ ಅವರ ‘ಆಯಿನಾ’ ಬಂತು, ಕರಾಚಿಯಲ್ಲಿ ವರ್ಷಗಟ್ಟಲೆ ಓಡಿತು. ಕೊನೆಗಾಲಕ್ಕೆ ಢಾಕಾಕ್ಕೆ ಮರಳಿದರು, 2016ರಲ್ಲಿ ತೀರಿಕೊಂಡರು. ಆಯಿನಾದ ಹಾಡುಗಳನ್ನು ನನ್ನ ಮೊಬೈಲಿನಲ್ಲಿ ಕೇಳಿದಾಗ ಉರ್ದು ನನಗೆ ಅಷ್ಟಾಗಿ ತಿಳಿಯಲಿಲ್ಲ. ಹಾಡಿನ ಕೊನೆಗಳನ್ನು ಘೋಷ್ ಎಷ್ಟು ಮೃದುವಾಗಿ ಇಳಿಸುತ್ತಾರೆ, ವಾದ್ಯಗಳನ್ನು ಎಷ್ಟು ಹಿಂದೆ ಇಟ್ಟಿದ್ದಾರೆ ಎಂಬುದು ತಿಳಿಯಿತು. ವೆಂಕಟೇಶರ ಸೋದರ ಸಂಬಂಧಿಯ ಮನೆಗೆ ಬಂದ ಹಾಗಾಯಿತು.

ಪಾಕಿಸ್ತಾನದಲ್ಲಿ ‘ಆಯಿನಾ’ ಬಂದ ಆ 1977ರಲ್ಲೇ ಇಲ್ಲಿ ‘ಸನಾದಿ ಅಪ್ಪಣ್ಣ’ ಬಂತು. ಕೃಷ್ಣಮೂರ್ತಿ ಪುರಾಣಿಕರ ಕಥೆ, ವಿಜಯ್ ನಿರ್ದೇಶನ. ಸನಾದಿ, ಅಂದರೆ ಶಹನಾಯಿ, ನುಡಿಸುವ ಬಡವನ ಪಾತ್ರ ರಾಜ್‌ಕುಮಾರರದು. ತೆರೆಯ ಮೇಲಿನ ಆ ಸನಾದಿಗೆ ವೆಂಕಟೇಶ್ ಬನಾರಸಿನಿಂದ ಉಸ್ತಾದ್ ಬಿಸ್ಮಿಲ್ಲಾ ಖಾನರನ್ನೇ ತಂದರು. ಒಂದು ಹಾಡು ಪೂರ್ತಿಯಾಗಿ ಜಾನಕಿಯವರ ಕಂಠಕ್ಕೂ ಶಹನಾಯಿಗೂ ನಡೆಯುವ ಮಾತುಕತೆ. ಶಹನಾಯಿ ಒಂದು ಸಾಲು ಹೇಳುತ್ತದೆ, ಜಾನಕಿ ಅದನ್ನು ಹಿಡಿದು ಮುಂದುವರಿಸುತ್ತಾರೆ, ಮತ್ತೆ ಶಹನಾಯಿ ಸ್ವಲ್ಪ ಬಾಗಿಸಿ ಕ್ಲಿಷ್ಟ ಮಾಡುತ್ತದೆ, ಜಾನಕಿ ಅಲ್ಲಿಗೂ ಹೋಗುತ್ತಾರೆ. ನಮ್ಮ ಕಡೆ ಮದುವೆಗೆ ಓಲಗದವರು ಬರುತ್ತಾರೆ, ನಾಗಸ್ವರ ಮತ್ತು ಡೋಲು. ಆ ಓಲಗದವರಲ್ಲಿ ಒಬ್ಬರು ನನಗೆ ಹೇಳಿದ್ದರು: “ಸಾರ್, ನಮ್ಮಂಥೋರ ಬಗ್ಗೆ ಒಂದು ಸಿನಿಮಾ ಬಂದಿದ್ರೆ ಅದು ಇದು. ವಾದ್ಯಾನ ಹಿಂದೆ ಹಾಕಿಲ್ಲ, ಹಾಡೋರ ಪಕ್ಕದಲ್ಲೇ ಕೂರ್ಸವ್ರೆ.” ಸಂಗೀತ ನಿರ್ದೇಶಕನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ವಿದ್ವಾಂಸರ ಬಾಯಲ್ಲೂ ಕೇಳಿಲ್ಲ.

1980ರ ದಶಕದಲ್ಲಿ ಕಾಲ ಹೊರಳಿತು. ಸಿಂಗೀತಂ ಅವರ ‘ಹಾಲು ಜೇನು’ವಿಗೆ 1982ರಲ್ಲಿ ವೆಂಕಟೇಶ್ ಮತ್ತೊಮ್ಮೆ ಸೊಗಸಾದ ಹಾಡುಗಳನ್ನು ಕೊಟ್ಟರು. ಅಷ್ಟರಲ್ಲಿ ಶಂಕರ್‌ನಾಗ್, ಅನಂತನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದರು, ಕನ್ನಡದ ಹಾಡು ಕನ್ನಡದ ನೆಲದಲ್ಲೇ ಮುದ್ರಣವಾಗುವ ದಾರಿ ತೆರೆಯಿತು. 1987ರ ‘ಪ್ರೇಮಲೋಕ’ದಿಂದ ಹಂಸಲೇಖ ಬಂದು ಹಾಡಿನ ಮಾತು, ತಾಳ ಎರಡನ್ನೂ ಬದಲಿಸಿದರು. ಆರ್ಕೆಸ್ಟ್ರಾದಲ್ಲಿ ನಮಗೂ ರಿದಂ ಪ್ಯಾಡ್ ಬೇಕಾಯಿತು, ಕೀಬೋರ್ಡಿಗೆ ಹೊಸ ಟೋನುಗಳು ಬೇಕಾದವು. 1993ರಲ್ಲಿ ವೆಂಕಟೇಶ್ ಮದ್ರಾಸಿನಲ್ಲಿ ತೀರಿಕೊಂಡರು. ಅವರ ಎಷ್ಟೋ ರಾಗಗಳಿಗೆ ಮಾತು ಕೊಟ್ಟ ಚಿ. ಉದಯಶಂಕರ್ ಹೋದದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ಇಬ್ಬರನ್ನೂ ಕಳೆದುಕೊಂಡೆವು ಎಂಬುದು ನಮ್ಮ ಕಡೆ ಬಹಳ ಜನಕ್ಕೆ ತಿಳಿಯಲೇ ಇಲ್ಲ, ನಾಯಕನ ಸುದ್ದಿ ಬರುವ ಹಾಗೆ ಇವರ ಸುದ್ದಿ ನಮ್ಮೂರಿಗೆ ಬರಲಿಲ್ಲ.

ನನಗೆ ನೋವಾಗುವುದು ಇಲ್ಲೇ. ವೇದಿಕೆ ಮೇಲೆ ನಿರೂಪಣೆ ಮಾಡುವವರು “ಅಣ್ಣಾವ್ರ ಹಾಡು” ಎನ್ನುತ್ತಾರೆ, “ಪಿಬಿಎಸ್ ಹಾಡು” ಎನ್ನುತ್ತಾರೆ. ಎರಡೂ ನಿಜ. ಆದರೆ ರಾಗ ಕಟ್ಟಿದವರ ಹೆಸರು, ಮಾತು ಬರೆದವರ ಹೆಸರು ಚೀಟಿಯಲ್ಲೂ ಇಲ್ಲ, ಮೈಕಿನಲ್ಲೂ ಇಲ್ಲ. ನಮ್ಮ ತಂಡದಲ್ಲಿ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪ್ರತಿ ಹಾಡಿಗೂ ಮುಂಚೆ ಚಿತ್ರದ ಹೆಸರು, ವರ್ಷ, ಬರೆದವರು, ಸಂಗೀತ, ಆಮೇಲೆ ಹಾಡಿದವರು. ಮೊದಮೊದಲು ಜನ “ಬೇಗ ಹಾಡ್ರಪ್ಪಾ” ಎಂದು ಕೂಗುತ್ತಿದ್ದರು. ಈಗ ಹಿರಿಯರು ಬಂದು “ಅದೇನು ಹೆಸರು ಹೇಳಿದ್ರಿ, ಇನ್ನೊಂದ್ಸಲ ಹೇಳಿ” ಎಂದು ಕೇಳುತ್ತಾರೆ. ನನ್ನ ಬಳಿ ಕೀಬೋರ್ಡ್ ಕಲಿಯಲು ಬರುವ ಮಕ್ಕಳಲ್ಲಿ ತಮಿಳು ಮನೆಯವರೂ ಇದ್ದಾರೆ. ಇಳಯರಾಜ ಎಂದರೆ ಅವರಿಗೆ ಪ್ರಾಣ. ಅವರಿಗೆ ನಾನು ಮೊದಲು ‘ಅನ್ನಕಿಳಿ’ ನುಡಿಸಿ, ಆಮೇಲೆ ಅದಕ್ಕೂ ಹಿಂದಿನ ವೆಂಕಟೇಶರ ಕನ್ನಡ ಹಾಡು ನುಡಿಸಿ ತೋರಿಸುತ್ತೇನೆ. ಪಿಟೀಲಿನ ಸಾಲು ಎಲ್ಲಿಂದ ಬಂತು ಎಂದು ಮಕ್ಕಳೇ ಗುರುತಿಸುತ್ತಾರೆ.

ವೆಂಕಟೇಶರನ್ನು ಹೊಸದಾಗಿ ಕೇಳಬೇಕೆನ್ನುವವರು ‘ಸಂಧ್ಯಾರಾಗ’ದಿಂದ ಶುರುಮಾಡಲಿ, ಅಲ್ಲಿ ಅವರ ವಿದ್ಯೆ ಇದೆ. ಆಮೇಲೆ ‘ಕಸ್ತೂರಿ ನಿವಾಸ’ ಮತ್ತು ‘ಬಂಗಾರದ ಮನುಷ್ಯ’ವನ್ನು ಒಂದರ ಹಿಂದೆ ಒಂದು ಕೇಳಲಿ, ಒಂದೇ ವರ್ಷದ ಅಂತರದಲ್ಲಿ ಎಷ್ಟು ಬೇರೆ ಬೇರೆ ಮನುಷ್ಯರನ್ನು ಹಾಡಿನಲ್ಲಿ ನಿಲ್ಲಿಸಿದ್ದಾರೆ ಎಂದು ತಿಳಿಯುತ್ತದೆ. ‘ಸನಾದಿ ಅಪ್ಪಣ್ಣ’ವನ್ನು ಕೊನೆಗೆ ಇಟ್ಟುಕೊಳ್ಳಲಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಎರಡನೆಯ ಚರಣಕ್ಕೆ ಮುಂಚೆ ಬೇಸ್ ಏನು ಮಾಡುತ್ತಿದೆ ಎಂಬುದರ ಮೇಲೂ ಗಮನವಿರಲಿ.